ನಲವತ್ತೊಂದು ಡಿಗ್ರಿಗೆ ಕರಗಬೇಕಾದ ಕೊಬ್ಬು

ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರುವವರಿಗೆ ಯಾರೂ ಮೊದಲೇ ಹೇಳದ ವಿಷಯ ಒಂದಿದೆ. ದಿನದ ಮುಕ್ಕಾಲು ಪಾಲು ತೊಳೆಯುವುದರಲ್ಲೇ ಹೋಗುತ್ತದೆ. ತುಮಕೂರಿನ ಒಂದು ಕಾಲೇಜಿನ ಬಯೋಕೆಮಿಸ್ಟ್ರಿ ವಿಭಾಗಕ್ಕೆ ತೊಂಬತ್ತರ ದಶಕದಲ್ಲಿ ಸೇರಿದವನು ನಾನು. ರಿಟೈರ್ ಆಗುವವರೆಗೆ ತೊಳೆದ ಗಾಜನ್ನೆಲ್ಲ ಸಾಲಾಗಿ ಜೋಡಿಸಿದರೆ ತುಮಕೂರಿನಿಂದ ಗುಬ್ಬಿ ಮುಟ್ಟುತ್ತಿತ್ತೇನೋ.

ಗುಬ್ಬಿ ನಮ್ಮೂರು. ಅಬ್ಬಾ, ಅಂದರೆ ನಮ್ಮ ತಂದೆ, ಅಲ್ಲಿ ಕಲಾಯಿ ಕೆಲಸ ಮಾಡುತ್ತಿದ್ದರು. ಹಬ್ಬದ ಮುಂಚೆ ಗೂಳೂರು, ಹಾಗಲವಾಡಿ ಕಡೆ ತಿದಿ, ಇದ್ದಿಲು ಹೊತ್ತುಕೊಂಡು ಹೋಗಿ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬರುತ್ತಿದ್ದರು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲನೆಯವನು ನಾನು, ಬಿ.ಎಸ್ಸಿ. ಮಾಡಿದ ಮೊದಲನೆಯವನೂ ನಾನೇ. ಯಾರೂ ಓದಿಸಲಿಲ್ಲ. ಭಾನುವಾರ ಕಲಾಯಿ ಹಾಕಿ, ಸೋಮವಾರ ಕಾಲೇಜಿಗೆ ಹೋಗಿ ಓದಿದೆ. ಪರೀಕ್ಷೆ ಬರೆಯುವಾಗ ಉಗುರಿನ ಸಂದಿಯಲ್ಲಿ ಮಸಿ ಇರುತ್ತಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಆ ಹೆಮ್ಮೆಯೇ ನನ್ನಿಂದ ಏನು ಮಾಡಿಸಿತು ಅನ್ನುವುದನ್ನೂ ಹೇಳಬೇಕು.

ಕೆಲಸ ಸಿಕ್ಕಿದ ವಾರ ಊರಿಗೆ ಹೋದಾಗ ಅಬ್ಬಾ ಕೇಳಿದರು, "ಏನ್ ಕೆಲಸ ಕೊಟ್ಟವ್ರೆ?" ನಮ್ಮ ಮನೆಮಾತು ಉರ್ದು, ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಲ್ಯಾಬಿನಲ್ಲಿ. ಎಲ್ಲಾ ಗಾಜಿನ ಸಾಮಾನು ಸಿದ್ಧ ಮಾಡಿಡಬೇಕು."

"ಸಿದ್ಧ ಅಂದ್ರೆ?"

"ತೊಳೆದು..."

ಅಬ್ಬಾ ತಿದಿ ಬಿಟ್ಟು ನಕ್ಕರು. "ಹದಿನೈದು ವರ್ಷ ಓದಿ ಬಾಟ್ಲು ತೊಳೆಯೋಕ್ ಹೋದ್ಯಾ? ನಾನಾದ್ರೂ ಪಾತ್ರೆ ತೊಳೆದ ಮೇಲೆ ಬೆಳ್ಳಿ ಥರ ಮಾಡಿ ಕೊಡ್ತೀನಿ ಕಣೋ."

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಜಿ.ವಿ. ಸಾರ್ ಅನ್ನುತ್ತಿದ್ದರು. ಸಿಡುಕು. ಆದರೆ ಟೆಕ್ನಿಷಿಯನ್‌ಗೂ ವಿಷಯ ಗೊತ್ತಿರಬೇಕು ಅನ್ನುವ ಹಟ ಇತ್ತು ಅವರಿಗೆ. ಮೊದಲನೇ ವಾರವೇ ಎದುರಿಗೆ ಕೂರಿಸಿಕೊಂಡು, "ಬಾಷಾ, ಡಿಸೆಂಬರಿನಲ್ಲಿ ನಿಮ್ಮನೇಲಿ ಕೊಬ್ಬರಿ ಎಣ್ಣೆ ಏನಾಗುತ್ತೆ?" ಅಂದರು.

"ಗಟ್ಟಿ ಆಗುತ್ತೆ ಸಾರ್."

"ಕಡ್ಲೆಕಾಯಿ ಎಣ್ಣೆ?"

"ಹಂಗೇ ಇರುತ್ತೆ."

"ಯಾಕೆ?"

ನಾನು ಬಿ.ಎಸ್ಸಿ. ಪಾಸಾದವನು. "ಅದು ಎಣ್ಣೆ ಗುಣ ಸಾರ್" ಅಂದುಬಿಟ್ಟೆ. ಅವರು ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ಹಿಡಿ ತೆಂಗಿನ ಕಡ್ಡಿ ಕಿತ್ತರು. ನೇರ ಕಡ್ಡಿಗಳನ್ನು ಒಟ್ಟಿಗೆ ಹಿಡಿದು ತೋರಿಸಿದರು, ಒತ್ತಾಗಿ ಕೂತವು. ಆಮೇಲೆ ನಾಲ್ಕು ಕಡ್ಡಿಯನ್ನು ನಡುವೆ ಬಗ್ಗಿಸಿ ಅದೇ ಹಿಡಿಯೊಳಗೆ ತುರುಕಿದರು. ಕಟ್ಟು ಸಡಿಲವಾಯಿತು, ಸಂದಿ ಬಿತ್ತು. "ಕೊಬ್ಬಿನ ಅಣುವಿಗೆ ಬಾಲ ಇರುತ್ತೆ. ಬಾಲ ನೇರ ಇದ್ರೆ, ಉದ್ದ ಇದ್ರೆ, ಒಂದಕ್ಕೊಂದು ಅಂಟಿ ನಿಲ್ಲುತ್ತೆ. ಕರಗಿಸೋಕೆ ಜಾಸ್ತಿ ಬಿಸಿ ಬೇಕು. ಗಿಡ್ಡ ಆದ್ರೆ ಬೇಗ ಕರಗುತ್ತೆ. ಕೊಬ್ಬರಿ ಎಣ್ಣೆಯ ಬಾಲ ನೇರ, ಆದ್ರೆ ಗಿಡ್ಡ. ಕಡ್ಲೆಕಾಯಿದು ಉದ್ದ, ಆದ್ರೆ ಬಗ್ಗಿದೆ. ಬಗ್ಗಿದ್ರೆ ಚಳಿಗಾಲದಲ್ಲೂ ಗಟ್ಟಿಯಾಗಲ್ಲ. ಅಷ್ಟೇ ವಿಷಯ. ನಮ್ಮ ಲ್ಯಾಬು ನಡೀತಿರೋದು ಇದರ ಮೇಲೇನೇ."

ಅವರು ನೋಡುತ್ತಿದ್ದುದು ಅಡಿಗೆ ಎಣ್ಣೆಯನ್ನಲ್ಲ. ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಒಂದು ಪೊರೆ ಇದೆ. ಲಿಪಿಡ್ ಅನ್ನುವ ಕೊಬ್ಬಿನ ಎರಡು ಹಾಳೆ, ಬಾಲಕ್ಕೆ ಬಾಲ ಎದುರಾಗಿ ಅಂಟಿ ಆಗಿರುವ ಪೊರೆ ಅದು. ಅದೂ ಕರಗುತ್ತದೆ. ಕರಗುವುದೆಂದರೆ ತುಪ್ಪದ ಹಾಗೆ ಹರಿದು ಹೋಗುವುದಲ್ಲ. ಸ್ಕೂಲಿನ ಪ್ರಾರ್ಥನೆಯಲ್ಲಿ ಸಾವಧಾನ್ ನಿಂತ ಮಕ್ಕಳಿಗೆ ವಿಶ್ರಾಮ್ ಅಂದರೆ ಸಾಲು ಸಾಲಾಗೇ ಇರುತ್ತದೆ, ಆದರೆ ಪ್ರತಿಯೊಬ್ಬನೂ ಅಲುಗಾಡುತ್ತಾನಲ್ಲ, ಹಾಗೆ. ಬಾಲದಲ್ಲಿ ಹದಿನಾಲ್ಕು ಕಾರ್ಬನ್ ಇದ್ದರೆ ಇಪ್ಪತ್ತಮೂರು-ಇಪ್ಪತ್ತನಾಲ್ಕು ಡಿಗ್ರಿಗೆ ವಿಶ್ರಾಮ್. ಹದಿನಾರಿದ್ದರೆ ನಲವತ್ತೊಂದಕ್ಕೆ. ಹದಿನೆಂಟಿದ್ದರೆ ಐವತ್ತೈದರ ಹತ್ತಿರ. ಅದೇ ಹದಿನೆಂಟರ ಎರಡೂ ಬಾಲವನ್ನು ನಡುವೆ ಒಂದೊಂದು ಕಡೆ ಬಗ್ಗಿಸಿಬಿಟ್ಟರೆ ಸೊನ್ನೆಗಿಂತ ಕೆಳಗೆ ಹೋದರೂ ಸಾವಧಾನ್ ನಿಲ್ಲುವುದಿಲ್ಲ.

ಅಳೆಯುವ ರೀತಿ ಆಗ ಸರಳವಾಗಿತ್ತು. ಲಿಪಿಡನ್ನು ನೀರಿನಲ್ಲಿ ಕದಡಿದರೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ. ಅದನ್ನು ನಿಧಾನ ಬಿಸಿ ಮಾಡುತ್ತ, ಅರ್ಧರ್ಧ ಡಿಗ್ರಿಗೂ ಅದು ಬೆಳಕನ್ನು ಎಷ್ಟು ತಡೆಯುತ್ತದೆ ಅಂತ ಯಂತ್ರದ ಮುಳ್ಳು ನೋಡಿ ಬರೆದುಕೊಳ್ಳಬೇಕು. ಕರಗುವ ಡಿಗ್ರಿ ಬಂದ ತಕ್ಷಣ ನೀರು ಒಂದಿಷ್ಟು ತಿಳಿಯಾಗುತ್ತದೆ, ಗ್ರಾಫ್ ಹಾಳೆಯಲ್ಲಿ ಗೆರೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಎರಡು ಸಾವಿರನೇ ಇಸವಿ ದಾಟಿದ ಮೇಲೆ ಒಂದು ಹೊಸ ಯಂತ್ರ ಬಂತು. ಸ್ಯಾಂಪಲ್ ಇಟ್ಟು ಟೀ ಕುಡಿದು ಬರುವಷ್ಟರಲ್ಲಿ ಕಂಪ್ಯೂಟರೇ ಗೆರೆ ಎಳೆದಿಡುತ್ತದೆ. ಒಳ್ಳೆಯದೇ. ಆದರೆ ಕರೆಂಟ್ ಹೋದಾಗ ಬಿಸಿನೀರು ಆರದಿರಲಿ ಅಂತ ವಾಟರ್ ಬಾತಿಗೆ ಕಂಬಳಿ ಸುತ್ತಿ ಕೂತವರಿಗೆ ಒಂದೊಂದು ಅರ್ಧ ಡಿಗ್ರಿಯ ಬೆಲೆ ಗೊತ್ತಿತ್ತು.

ಇನ್ನು ಮಂಗಳಾ. ಕುಣಿಗಲ್ ಕಡೆಯ ಹಳ್ಳಿಯ ಹುಡುಗಿ, ರಾಗಿ ಬೆಳೆಯುವವರ ಮನೆಯವಳು, ಅವರಲ್ಲೂ ಓದಿದವರು ಅವಳೇ ಮೊದಲು. ಜಿ.ವಿ. ಸಾರ್ ಹತ್ತಿರ ಪಿಎಚ್.ಡಿ.ಗೆ ಸೇರಿದ್ದಳು. ದಿನಾ ಬಸ್ಸಿನಲ್ಲಿ ಬಂದು ಹೋಗುವಳು. ನನ್ನನ್ನು ಬಾಷಣ್ಣ ಅನ್ನುತ್ತಿದ್ದಳು. ಅವಳ ಕೆಲಸ ಹೇಳಲು ಸುಲಭ: ನೇರ ಬಾಲದ ಲಿಪಿಡಿಗೆ ಬಗ್ಗಿದ ಬಾಲದ್ದನ್ನು ಚೂರುಚೂರೇ ಬೆರೆಸುತ್ತ ಹೋದರೆ ಕರಗುವ ಡಿಗ್ರಿ ಎಷ್ಟು ಇಳಿಯುತ್ತದೆ, ಮೆಟ್ಟಿಲು ಎಷ್ಟು ಜಾರುಬಂಡೆಯಾಗುತ್ತದೆ ಅಂತ ತೋರಿಸುವುದು.

ಶುರುವಿನಲ್ಲಿ ನಾವಿಬ್ಬರೂ ಸೇರಿ ಒಂದು ತಿಂಗಳು ಪೆದ್ದರಾದೆವು. ಹದಿನಾಲ್ಕು ಕಾರ್ಬನ್ನಿನ ಲಿಪಿಡಿನಲ್ಲಿ ಬೆಳಗಿನ ರೀಡಿಂಗ್ ಒಂದು, ಮಧ್ಯಾಹ್ನದ ರೀಡಿಂಗ್ ಇನ್ನೊಂದು. ಬೆಳಿಗ್ಗೆ ಮಜ್ಜಿಗೆ, ಊಟ ಮುಗಿಸಿ ಬಂದು ನೋಡಿದರೆ ತಿಳಿ. ಬಲ್ಬ್ ಬದಲಾಯಿಸಿದೆ, ಮುಳ್ಳು ಸರಿಪಡಿಸಿದೆ. ಒಂದು ದಿನ ಮಂಗಳಾ ಕಿಟಕಿ ಹತ್ತಿರ ನಿಂತು ಸ್ವೆಟರ್ ತೆಗೆಯುತ್ತ, "ಬಾಷಣ್ಣ, ಈ ರೂಮು ಎಷ್ಟು ಡಿಗ್ರಿ ಐತೆ?" ಅಂದಳು. ಥರ್ಮಾಮೀಟರ್ ಇಟ್ಟು ನೋಡಿದರೆ ಇಪ್ಪತ್ತಾರು. ಬೆಳಿಗ್ಗೆ ಹತ್ತೊಂಬತ್ತಿತ್ತು. ತುಮಕೂರಿನ ಚಳಿಗಾಲದ ಒಂದು ದಿನದಲ್ಲೇ ಅದು ಗಟ್ಟಿಯೂ ಆಗುತ್ತಿತ್ತು, ಕರಗುತ್ತಲೂ ಇತ್ತು. ಯಂತ್ರದಲ್ಲಿ ಹುಡುಕುತ್ತಿದ್ದುದು ಮೇಜಿನ ಮೇಲೇ ನಡೆದುಹೋಗುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜಿ.ವಿ. ಸಾರಿಗೆ ಹೇಳಿದಾಗ, "ಕೊಬ್ಬಿಗೆ ಗೊತ್ತಾಗಿದ್ದು ನಿಮಗೆ ಗೊತ್ತಾಗಲಿಲ್ವೇನ್ರಯ್ಯಾ" ಅಂದರು.

ಅದು ನಗುವ ತಪ್ಪು. ಇನ್ನೊಂದು ನಗುವಂಥದ್ದಲ್ಲ.

ಲಿಪಿಡ್ ಪರದೇಶದಿಂದ ಬರಬೇಕಿತ್ತು, ತಿಂಗಳುಗಟ್ಟಲೆ ಕಾಯಬೇಕಿತ್ತು. ಅದು ಬರುತ್ತಿದ್ದ ಗಾಜಿನ ಆಂಪೂಲ್ ಒಡೆದ ಮೇಲೆ ಅದನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ ಸಣ್ಣ ಗಾಜಿನ ಬಾಟಲಿಗಳಲ್ಲಿ ಫ್ರೀಜರಿನಲ್ಲಿ ಇಡುತ್ತಿದ್ದೆವು. ಒಳ್ಳೆಯ ಮುಚ್ಚಳದ ಬಾಟಲಿ ಇದ್ದದ್ದು ಹತ್ತೋ ಹನ್ನೆರಡೋ. ಮಂಗಳಾ ಸೇರಿದ ಎರಡನೇ ವರ್ಷ ಅವು ಮುಗಿದಾಗ ನನಗೊಂದು ಉಪಾಯ ಹೊಳೆಯಿತು. ನರ್ಸಿಂಗ್ ಹೋಮ್ ಒಂದರ ಕಾಂಪೌಂಡರ್ ಪರಿಚಯವಿದ್ದ. ಇಂಜೆಕ್ಷನ್ ಪುಡಿ ಬರುತ್ತದಲ್ಲ, ಆ ಖಾಲಿ ಬಾಟಲಿಗಳನ್ನು ರಬ್ಬರ್ ಬಿರಡೆ ಸಮೇತ ಚೀಲಗಟ್ಟಲೆ ತಂದೆ. ಸೋಪು, ಆಸಿಡ್, ನಲ್ಲಿ ನೀರು, ಡಿಸ್ಟಿಲ್ಡ್ ನೀರು, ಆಮೇಲೆ ಓವನ್. ಬಿರಡೆಗಳನ್ನೂ ಕುದಿಸಿ ಒಣಗಿಸಿದೆ. ಕಲಾಯಿ ಹಾಕಿದ ಪಾತ್ರೆಯ ಹಾಗೆ ಫಳಫಳ ಅನ್ನುತ್ತಿದ್ದವು. ಜಿ.ವಿ. ಸಾರ್ ಒಂದನ್ನು ಬೆಳಕಿಗೆ ಹಿಡಿದು "ಶಹಬ್ಬಾಸ್" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಆಗೊಂದೇ ಸಲ. ಲ್ಯಾಬಿನಲ್ಲಿ ಅವಕ್ಕೆ ಬಾಷಾ ಬಾಟ್ಲು ಅಂತಲೇ ಹೆಸರು ಬಿತ್ತು.

ಮೂರನೇ ವರ್ಷ ಮಂಗಳಾ ತನ್ನ ಹಳೆಯ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡಬೇಕಾಯಿತು. ಹದಿನಾರು ಕಾರ್ಬನ್ನಿನದು, ಏನೂ ಬೆರೆಸದ ಚೊಕ್ಕ ಲಿಪಿಡ್. ನಲವತ್ತೊಂದಕ್ಕೆ ಮೆಟ್ಟಿಲಿಳಿಯಬೇಕು. ಅದು ಮೂವತ್ತಾರರಲ್ಲೇ ಶುರುವಾಗಿ ನಲವತ್ತರವರೆಗೆ ಜಾರಿಕೊಂಡು ಹೋಯಿತು. ಮತ್ತೆ ಮಾಡಿದಳು, ಮತ್ತೆ ಅದೇ. ನೋಟ್‌ಬುಕ್ಕಿನಲ್ಲಿ ಮೊದಲನೇ ವರ್ಷದ ಗ್ರಾಫ್ ಮಾತ್ರ ಚಾಕುವಿನಲ್ಲಿ ಕೊಯ್ದ ಹಾಗಿತ್ತು.

ಜಿ.ವಿ. ಸಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನಾನು ಅಲ್ಲೇ ಇದ್ದೆ.

"ಪುಸ್ತಕದಲ್ಲಿ ಎಷ್ಟಿದೆಯಮ್ಮ?"

"ನಲವತ್ತೊಂದು ಸಾರ್."

"ನಿಂಗೆ ಮೊದಲನೇ ವರ್ಷ ಎಷ್ಟು ಬಂತು?"

"ನಲವತ್ತೊಂದು ಸಾರ್."

"ಬಂತೋ, ಬರ್ಕೊಂಡ್ಯೋ?"

ಮಂಗಳಾಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಕಪ್ಪಿಟ್ಟಿತು. "ಸಾರ್, ನನ್ ಕಣ್ಣಾರೆ ನೋಡಿ ಬರ್ದಿದೀನಿ."

"ಹಂಗಾದ್ರೆ ಈಗ ಯಾಕ್ ಬರ್ತಿಲ್ಲ? ಮತ್ತೆ ಬರೋವರ್ಗೂ ನಾನು ಯಾವ ಹಾಳೆಗೂ ಸಹಿ ಹಾಕಲ್ಲ."

ಚೊಕ್ಕ ಲಿಪಿಡಿನ ಗೆರೆಯೇ ಸುಳ್ಳಾದರೆ, ಬೆರೆಸಿದ ಲಿಪಿಡಿನ ಗೆರೆಗಳನ್ನು ಯಾವುದಕ್ಕೆ ಹೋಲಿಸುವುದು? ಮೂರು ವರ್ಷದ ಕೆಲಸ ನೀರುಪಾಲು. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಬರೆದವಳು ಅನ್ನುವ ಹೆಸರು.

ಆ ಭಾನುವಾರ ಗುಬ್ಬಿಗೆ ಹೋಗಿದ್ದೆ. ಅಬ್ಬಾಗೆ ಕೈ ನಡುಗುವುದು ಶುರುವಾಗಿತ್ತು, ಒಂದು ದೊಡ್ಡ ಹಂಡೆಗೆ ನಾನೇ ಕಲಾಯಿ ಹಾಕಲು ಕೂತೆ. ತವರ ಹಿಡಿಯಲೆಂದು ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಹತ್ತಿ ತೆಗೆದುಕೊಂಡು ಉಜ್ಜಿದರೆ ಯಾಕೋ ಓಡಲಿಲ್ಲ. ಇನ್ನೂ ಬಿಸಿಯಾಗುವ ಮೊದಲೇ ಮೆತ್ತಗಾಗಿ, ಅತ್ತ ನೀರೂ ಅಲ್ಲ ಇತ್ತ ಗಟ್ಟಿಯೂ ಅಲ್ಲ, ಗಂಜಿಯ ಹಾಗೆ ಎಳೆಯಿತು.

"ತವರದ ಅಂಗಡಿಯೋನು ಸೀಸ ಬೆರೆಸವ್ನೆ, ಹರಾಮಿ" ಅಂದರು ಅಬ್ಬಾ. "ನಿಂಗ್ ಮರ್ತೋಯ್ತಾ? ಚೊಕ್ಕ ತವರ ತಡವಾಗ್ ಕರಗಿದ್ರೂ ಒಂದೇ ಏಟಿಗೆ ಕರಗುತ್ತೆ. ಬೆರಕೆದು ಬೇಗ ಶುರುವಾಗಿ ಎಳ್ದಾಡುತ್ತೆ."

ನನ್ನ ಕೈ ಹಂಡೆಯೊಳಗೇ ನಿಂತಿತು. ಮಂಗಳಾಳ ಗೆರೆ ಕಣ್ಣ ಮುಂದೆ ಬಂತು. ಬೇಗ ಶುರುವಾಗಿ ಎಳೆದಾಡುವುದು. ಅವಳ ಲಿಪಿಡಿನಲ್ಲಿ ಏನೋ ಬೆರೆತಿದೆ. ಬೆರೆಸಿದವರು ಯಾರು? ಲಿಪಿಡ್ ಮುಟ್ಟಿದ್ದು ಮೂರೇ: ಗಾಜು, ಕ್ಲೋರೋಫಾರ್ಮ್, ಮತ್ತು ಬಿರಡೆ.

ಸೋಮವಾರ ಹೋದವನೇ ಬಾಷಾ ಬಾಟ್ಲು ಒಂದರಲ್ಲಿ ಬರೀ ಕ್ಲೋರೋಫಾರ್ಮ್ ಹಾಕಿ, ರಬ್ಬರ್ ಬಿರಡೆ ಒತ್ತಿ, ತಲೆಕೆಳಗಾಗಿ ಇಟ್ಟೆ. ಪಕ್ಕದಲ್ಲಿ ಗಾಜಿನ ಬಿರಡೆಯ ಬಾಟಲಿಯಲ್ಲೂ ಅಷ್ಟೇ. ಗುರುವಾರ ಮಧ್ಯಾಹ್ನ ಎರಡನ್ನೂ ಬೇರೆಬೇರೆ ವಾಚ್ ಗ್ಲಾಸಿಗೆ, ಅಂದರೆ ಸಣ್ಣ ಗಾಜಿನ ತಟ್ಟೆಗೆ, ಸುರಿದು ಆರಿಸಿದೆ. ಒಂದರಲ್ಲಿ ಏನೂ ಇಲ್ಲ. ನನ್ನ ಬಾಟಲಿಯದರಲ್ಲಿ ಹಳದಿ ಉಂಗುರ, ಬೆರಳಿಟ್ಟರೆ ಜಿಡ್ಡು. ನೀರಿನಲ್ಲಿ ಕುದಿಸಿದರೆ ಏನೂ ಬಿಡದ ರಬ್ಬರು ಕ್ಲೋರೋಫಾರ್ಮಿಗೆ ತನ್ನ ಎಣ್ಣೆಯನ್ನೆಲ್ಲ ಬಿಟ್ಟುಕೊಟ್ಟಿತ್ತು. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಅದರ ಆವಿ ಬಿರಡೆಗೆ ತಾಗಿ ತೊಟ್ಟಿಕ್ಕುತ್ತಲೇ ಇತ್ತು. ಲಿಪಿಡಿನ ನೇರ ಬಾಲಗಳ ನಡುವೆ ನನ್ನ ರಬ್ಬರಿನ ಜಿಡ್ಡು ಬಗ್ಗಿದ ಕಡ್ಡಿಯ ಹಾಗೆ ಹೋಗಿ ಕೂತಿತ್ತು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನನಗೆ ಎಲ್ಲವೂ ಗೊತ್ತಾಗಿತ್ತು. ನಾನು ವಾಚ್ ಗ್ಲಾಸನ್ನು ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದೆ.

ಯಾಕೆ ಅಂತ ಕೇಳಿದರೆ, ನನ್ನದು ಆಗಿನ್ನೂ ವರ್ಷ ವರ್ಷ ಮುಂದುವರಿಸುವ ಕೆಲಸ. ಆ ತಿಂಗಳೇ ಖಾಯಂ ಮಾಡುವ ಕಮಿಟಿ ಕೂರುವುದಿತ್ತು. ಅದೊಂದು ಕಾರಣ. ದೊಡ್ಡ ಕಾರಣ ಬೇರೆ. ಬಾಟಲಿ ತೊಳೆಯುವವನು ಅನ್ನಿಸಿಕೊಳ್ಳದೆ, ಗ್ರಾಜುಯೇಟ್ ಅನ್ನಿಸಿಕೊಳ್ಳಲು ನಾನು ಎಷ್ಟು ವರ್ಷ ಹೆಣಗಿದ್ದೆ! ರಬ್ಬರು ಕ್ಲೋರೋಫಾರ್ಮಿಗೆ ನಿಲ್ಲುವುದಿಲ್ಲ ಅನ್ನುವುದು ಕೆಮಿಸ್ಟ್ರಿ ಓದಿದವನಿಗೆ ಗೊತ್ತಿರಬೇಕು. ನನಗೂ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆಯುವಷ್ಟು.

ಶುಕ್ರವಾರ ಮಂಗಳಾ ಮತ್ತೆ ಮೊದಲಿನಿಂದ ಮಾಡಿದಳು. ಮತ್ತೆ ಜಾರುಬಂಡೆ. "ನನ್ ಕೈಯಲ್ಲೇ ಏನೋ ಐತೆ ಕಣ್ ಬಾಷಣ್ಣ. ಕೈ ಬೆವರಿಂದ ಹಿಂಗಾಗುತ್ತಾ?" ಅಂತ ಕೇಳಿದಳು.

ನಾನು ಅಂದೆ, "ಇನ್ನೊಂದ್ ಸಲ ಗ್ಲಾಸ್‌ವೇರ್ ತೊಳ್ಕೊಂಡು ಮಾಡ್ನೋಡಮ್ಮ."

ಇದನ್ನು ಬರೆಯುವಾಗಲೂ ಪೆನ್ನು ನಿಲ್ಲುತ್ತದೆ. ಸುಮ್ಮನಿದ್ದದ್ದು ಮಾತ್ರವಲ್ಲ, ಅವಳ ಕೈಯಲ್ಲಿ ತೊಳೆಸಿದೆ.

ಶನಿವಾರ ಬಸ್ಸಿಗೆ ಹೊರಡುವಾಗ ಅವಳು ಒಂದು ಕವರ್ ಕೊಟ್ಟಳು. "ಸೋಮವಾರ ಸಾರಿಗೆ ಕೊಟ್ಬುಡಿ. ನಾನ್ ಬರಲ್ಲ."

"ಏನಮ್ಮ ಇದು?"

"ಪಿಎಚ್.ಡಿ. ಬಿಟ್ಟೆ ಅಂತ. ಆಗದವರಿಗೆ ಆಗಲ್ಲ ಬುಡಿ. ಸುಳ್ಳು ಬರ್ದೋಳು ಅಂತ ಅನ್ನುಸ್ಕೊಂಡು ಇರೋಕಿಂತ, ಕೈಲಾಗದೋಳು ಅಂತ ಅನ್ನುಸ್ಕೊಂಡು ಹೋಗೋದು ಮೇಲು."

ನನ್ನ ಮನೆ ತುಮಕೂರಿನ ಸದಾಶಿವನಗರದಲ್ಲಿ. ಭಾನುವಾರವೆಲ್ಲ ಆ ಕವರ್ ಕಪಾಟಿನ ಮೇಲಿತ್ತು. ನಾನು ಗುಬ್ಬಿಗೆ ಹೋಗಲಿಲ್ಲ. ಅಬ್ಬಾ ಎದುರಿಗೆ ಕೂತು ತವರದ ವಿಷಯ ಮಾತಾಡುವ ಮುಖ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕವರನ್ನೂ ವಾಚ್ ಗ್ಲಾಸನ್ನೂ ಒಟ್ಟಿಗೆ ಜಿ.ವಿ. ಸಾರ್ ಮೇಜಿನ ಮೇಲಿಟ್ಟೆ. ಎಲ್ಲವನ್ನೂ ಹೇಳಿದೆ. ಗುರುವಾರದ್ದನ್ನೂ ಹೇಳಿದೆ. ಅವರು ಉಂಗುರದ ಮೇಲೆ ಬೆರಳೆಳೆದು ಮೂಸಿ ನೋಡಿದರು. ಬೈಗುಳಕ್ಕೆ ಕಾಯುತ್ತ ನಿಂತೆ.

"ಆ ಬಾಟ್ಲು ನೋಡಿ ಶಹಬ್ಬಾಸ್ ಅಂದೋನು ಯಾರು?" ಅಂದರು.

"ನೀವು ಸಾರ್."

"ಮತ್ತೆ ನಂಗೆ ಯಾರ್ ಬೈತಾರೆ?" ಅವರ ಮೇಜಿನ ಮೇಲೆ ವಿಜ್ಞಾನ ಪತ್ರಿಕೆಗೆ ಕಳಿಸಲು ಸಿದ್ಧವಾಗಿದ್ದ ಅವರದೇ ಲೇಖನ ಇತ್ತು. ಅದರ ಅರ್ಧ ಅಂಕಿಗಳು ನನ್ನ ಬಾಟಲಿಗಳಿಂದಲೇ ಬಂದಿದ್ದವು. ಅದನ್ನೆತ್ತಿ ಬೀರುವಿನೊಳಗೆ ಇಟ್ಟರು. ಆ ಲೇಖನ ಹೊರಗೆ ಬರಲೇ ಇಲ್ಲ. "ಬಾಟ್ಲಿದು ಆಮೇಲ್ ನೋಡೋಣ. ಗುರುವಾರದಿಂದ ಸುಮ್ನಿದ್ಯಲ್ಲ, ಅದನ್ನ ನಾನು ಮಾಫಿ ಮಾಡೋಕಾಗಲ್ಲ. ಹೋಗು, ಆ ಹುಡುಗಿಗೆ ನೀನೇ ಹೇಳು."

ಕುಣಿಗಲ್ಲಿಗೆ ಬಸ್ಸು ಹತ್ತಿದೆ. ಅಲ್ಲಿಂದ ಅವರ ಹಳ್ಳಿಗೆ ನಡೆದೆ. ಮಂಗಳಾ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅವಳ ತಂದೆ ನನ್ನನ್ನು ಮೇಷ್ಟ್ರು ಅಂದುಕೊಂಡು ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಮೇಷ್ಟ್ರಲ್ಲ ಅಂತ ಹೇಳಿ, ನಿಂತುಕೊಂಡೇ ವಿಷಯ ಹೇಳಿದೆ.

ಅವಳು ಮೊರ ಕೆಳಗಿಟ್ಟಳು. ಮೊದಲು ಅವಳ ಮುಖದಲ್ಲಿ ಬಂದದ್ದು ಸಂತೋಷ. ಅದನ್ನು ನಾನು ನೋಡಿದೆ. "ಹಂಗಾದ್ರೆ ನಂದು ಸರಿ ಇತ್ತು! ನಲವತ್ತೊಂದು ಸರಿ ಇತ್ತು!" ಆಮೇಲೆ ಲೆಕ್ಕ ಹಾಕಿದವಳ ಹಾಗೆ ಕೇಳಿದಳು, "ಯಾವತ್ ಗೊತ್ತಾಯ್ತು?"

"ಗುರುವಾರ."

"ಶುಕ್ರವಾರ ನಂಗೆ ತೊಳಿ ಅಂದ್ರಲ್ಲ?"

"ಹೂಂ."

"ಬಾಟ್ಲಿಗ್ ನಂಗ್ ಬೇಜಾರಿಲ್ಲ. ಯಾರ್ ಬೇಕಾದ್ರೂ ಮಾಡ್ತಾರೆ. ಆ ನಾಲ್ಕ್ ದಿನ ನಾನು ನನ್ ಬಗ್ಗೆ ಏನೇನ್ ಅಂದ್ಕೊಂಡೆ ಅಂತ ನಿಮಗ್ ಗೊತ್ತಾ?"

ಮಜ್ಜಿಗೆ ಲೋಟವನ್ನು ಕುಡಿಯದೆ ಚಾಪೆಯ ಪಕ್ಕ ಇಟ್ಟು ಬಸ್ಸಿಗೆ ನಡೆದೆ.

ಮಾರನೇ ದಿನ ಬಂದಳು. ಲ್ಯಾಬಿನಲ್ಲಿ ಒಡೆಯದ ಗಾಜಿನ ಆಂಪೂಲ್ ಒಂದೇ ಒಂದು ಉಳಿದಿತ್ತು. ಜಿ.ವಿ. ಸಾರೇ ಅದನ್ನು ಒಡೆದರು, ಅವರೇ ಮುಳ್ಳಿನ ಮುಂದೆ ಕೂತು ಓದಿದರು, ಮಂಗಳಾ ಗ್ರಾಫಿಗೆ ಚುಕ್ಕಿ ಇಟ್ಟಳು. ಮೂವತ್ತಾರು, ಏನಿಲ್ಲ. ಮೂವತ್ತೆಂಟು, ನಲವತ್ತು, ಏನಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ನಲವತ್ತೂವರೆ ದಾಟಿ ನಲವತ್ತೊಂದಕ್ಕೆ ಮುಳ್ಳು ದಬಕ್ಕನೆ ಬಿತ್ತು. ಸಾರ್ ಕ್ಷಮಿಸು ಅನ್ನಲಿಲ್ಲ. ಅವರಿಗೆ ಆ ಮಾತು ಅಭ್ಯಾಸವಿರಲಿಲ್ಲ. ಅವಳ ಮೊದಲನೇ ವರ್ಷದ ನೋಟ್‌ಬುಕ್ ತರಿಸಿ, ಹಾಳೆ ಹಾಳೆಗೂ ಸಹಿ ಹಾಕುತ್ತ ಕೂತರು. ಊಟದ ಬೆಲ್ ಹೊಡೆದರೂ ಏಳಲಿಲ್ಲ.

ನನ್ನ ಖಾಯಂ ವಿಷಯ ಆಮೇಲೆ ಏನೋ ಒಂದು ಆಯಿತು, ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಹಾಳಾದ ಸ್ಯಾಂಪಲ್ಲುಗಳ ಪಟ್ಟಿ ಮಾಡಿ, ಕಾರಣ ಬರೆದು, ಕೆಳಗೆ ಹೆಸರು ಹಾಕಿ ಲ್ಯಾಬಿನ ಗೋಡೆಗೆ ಅಂಟಿಸು ಅಂದರು ಸಾರ್. ಅಂಟಿಸಿದೆ. ಹೊಸ ವಿದ್ಯಾರ್ಥಿಗಳು ಬಂದಾಗ ಮೊದಲು ಅದನ್ನೇ ಓದುತ್ತಿದ್ದರು. ಮಂಗಳಾ ನನ್ನೊಂದಿಗೆ ಮಾತು ಬಿಡಲಿಲ್ಲ, ಕೆಲಸದ ಮಾತೆಲ್ಲ ಆಡುತ್ತಿದ್ದಳು. ಆದರೆ ಬಾಷಣ್ಣ ಹೋಗಿ ಬಾಷಾ ಅವರೇ ಆದೆ.

ಅವಳ ವೈವಾ ನಡೆದದ್ದು ಎರಡು ಸಾವಿರದ ಈಚೆಗೆ. ಹೊರಗಿನ ಪರೀಕ್ಷಕರು ಥೀಸಿಸ್ ತಿರುಗಿಸುತ್ತ ಒಂದು ಕಡೆ ನಿಂತರು. "ಚೊಕ್ಕ ಲಿಪಿಡಿನ ಈ ಕೆಟ್ಟ ಗ್ರಾಫನ್ನು ಯಾಕಮ್ಮ ಹಾಕಿದ್ದೀರ? ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ."

"ಎಷ್ಟು ಕಮ್ಮಿ ಬೆರಕೆ ಆದ್ರೂ ಪೊರೆ ಕರಗೋ ರೀತೀನೇ ಬದಲಾಗುತ್ತೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೇ ಗ್ರಾಫ್ ನನ್ಹತ್ರ ಇಲ್ಲ ಸಾರ್. ಇದು ರಬ್ಬರ್ ಬಿರಡೆಯಿಂದ ಆಗಿದ್ದು."

"ಅದನ್ನ ಕಂಡುಹಿಡಿದದ್ದು ಯಾರು?"

ನಾನು ಸ್ಲೈಡ್ ಪ್ರೊಜೆಕ್ಟರ್ ಪಕ್ಕದಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ಕೈ ತೋರಿಸಿದಳು. "ನಮ್ಮ ಲ್ಯಾಬಿನ ಬಾಷಾ ಅವ್ರು. ಬಾಟ್ಲು ತಂದವ್ರೂ ಅವ್ರೇ, ಕಂಡುಹಿಡಿದವ್ರೂ ಅವ್ರೇ."

ಸಭೆ ನಕ್ಕಿತು. ಅವಳು ನಗಲಿಲ್ಲ. ಎರಡರಲ್ಲಿ ಒಂದನ್ನೂ ಬಿಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಗುರುವಾರದಿಂದ ಸೋಮವಾರದವರೆಗಿನದನ್ನು ಮಾತ್ರ ಅಲ್ಲೂ ಹೇಳಲಿಲ್ಲ, ಆಮೇಲೂ ಎಲ್ಲೂ ಹೇಳಲಿಲ್ಲ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನಾನೂ ಬರೆದಿರಲಿಲ್ಲ. ಅದನ್ನು ಹೇಳಬೇಕಾದವನು ನಾನೊಬ್ಬನೇ. ಈಗ ಹೇಳಿದೆ.